ನೂರ್ ಮಾಡಿದ ಕೆಲಸ

1943ರ ಪ್ಯಾರಿಸ್‌ನಲ್ಲಿ ಬ್ರಿಟಿಷರ ಗುಪ್ತ ರೇಡಿಯೊ ಆಪರೇಟರ್ ಒಬ್ಬರು ಜರ್ಮನ್ನರ ಕೈಗೆ ಸಿಗದೆ ಎಷ್ಟು ದಿನ ಇರಬಹುದು? ಅವರನ್ನು ಕಳಿಸುತ್ತಿದ್ದ ಲಂಡನ್‌ನವರ ಲೆಕ್ಕ ಆರು ವಾರ. ನೂರ್ ಇನಾಯತ್ ಖಾನ್ ಆ ವರ್ಷ ಜೂನ್ 17ರ ನಸುಕಿನಲ್ಲಿ ಫ್ರಾನ್ಸ್‌ನ ಒಂದು ಹೊಲದಲ್ಲಿ ಇಳಿದಳು. ಅಕ್ಟೋಬರ್ ಮಧ್ಯದವರೆಗೂ ಸಿಗಲಿಲ್ಲ. ಹತ್ತಿರ ಹತ್ತಿರ ನಾಲ್ಕು ತಿಂಗಳು. ಅದರಲ್ಲಿ ಬಹುಪಾಲು ಸಮಯ, ಅವಳನ್ನು ಕಳಿಸಿದ ವಿಭಾಗಕ್ಕೆ ಪ್ಯಾರಿಸ್‌ನಿಂದ ಸುದ್ದಿ ತಲುಪಿಸಲು ಉಳಿದಿದ್ದ ರೇಡಿಯೊ ಅವಳದೊಂದೇ.

ನಮ್ಮಲ್ಲಿ ನೂರ್ ಬಗ್ಗೆ ಬರೆಯುವಾಗೆಲ್ಲ ಈ ನಾಲ್ಕು ತಿಂಗಳು ಎರಡು ಸಾಲಿನಲ್ಲಿ ಮುಗಿದುಹೋಗುತ್ತವೆ. ಟಿಪ್ಪು ಸುಲ್ತಾನನ ವಂಶದವಳು, ಗೂಢಚಾರಿಣಿ, ಬಾಯಿ ಬಿಡದೆ ಸತ್ತಳು. ಅಷ್ಟೇ. ಅವಳ ಧೈರ್ಯಕ್ಕೆಲ್ಲ ರಕ್ತವೇ ಕಾರಣ ಅನ್ನುವ ಹಾಗೆ. ಆಚೆ ಇಂಗ್ಲಿಷಿನಲ್ಲಿ ಬಹಳ ಕಾಲ ಹೇಳಿದ ಕಥೆ ಇನ್ನೊಂದು ಥರ: ಕನಸುಗಣ್ಣಿನ ಹುಡುಗಿ, ಮಕ್ಕಳ ಕಥೆ ಬರೆಯುತ್ತಿದ್ದವಳು, ಪಾಪ, ಅವಳನ್ನು ಕಳಿಸಲೇಬಾರದಿತ್ತು. ಒಂದು ಕಡೆ ಹುಲಿ, ಇನ್ನೊಂದು ಕಡೆ ಪಾಪದ ಹುಡುಗಿ. ಎರಡರಲ್ಲೂ ಅವಳು ದಿನಾ ಬೆಳಗ್ಗೆ ಎದ್ದು ಮಾಡಿದ ಕೆಲಸ ಕಾಣುವುದಿಲ್ಲ. ನನಗೆ ಆ ಕೆಲಸದ ಬಗ್ಗೆ ಬರೆಯಬೇಕು.

ಆದರೂ ಮೈಸೂರಿನ ಕೊಂಡಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಚೆಂದದ ಕೊಂಡಿ. ನೂರ್ ತಂದೆ ಇನಾಯತ್ ಖಾನ್ ಬರೋಡದವರು. ಅವರ ತಾಯಿಯ ತಂದೆ ಮೌಲಾ ಬಕ್ಷ್ ದೊಡ್ಡ ಸಂಗೀತಗಾರ. ಉತ್ತರದ ಸಂಗೀತದ ಜೊತೆಗೆ ನಮ್ಮ ಕರ್ನಾಟಕ ಸಂಗೀತವನ್ನೂ ಕಲಿತವರು, ಮೈಸೂರು ಆಸ್ಥಾನದಲ್ಲಿ ಸನ್ಮಾನ ಪಡೆದವರು. ಅವರ ಹೆಂಡತಿ ಟಿಪ್ಪುವಿನ ಮೊಮ್ಮಗಳು ಎಂದು ಆ ಮನೆಯಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಟಿಪ್ಪು ಹೆಸರೇ ಎಲ್ಲರ ಕಣ್ಣಿಗೆ ಬೀಳುತ್ತದೆ. ನನಗೆ ಮಾತ್ರ ಮೌಲಾ ಬಕ್ಷ್ ಹೆಚ್ಚು ಮುಖ್ಯ ಅನಿಸುತ್ತದೆ. ಇನಾಯತ್ ಖಾನ್ ವೀಣೆ ನುಡಿಸುತ್ತಿದ್ದರು. ಮಗಳೂ ವೀಣೆ ಕಲಿತಳು. ವೀಣೆ ಹಿಡಿದು ಕೂತ ಅವಳ ಒಂದು ಫೋಟೊ ಇದೆ. ಆ ಮನೆಗೆ ಬಂದ ಆಸ್ತಿ ಅದು. ಬೆರಳು, ಕಿವಿ, ಲಯ. ಮುಂದೆ ಇವೇ ಅವಳ ಕೆಲಸಕ್ಕೆ ಬಂದವು.

ಇನಾಯತ್ ಖಾನ್ ಸೂಫಿ ಗುರು. ಪಶ್ಚಿಮದ ದೇಶಗಳಲ್ಲಿ ಸಂಗೀತ ಮತ್ತು ಸೂಫಿ ವಿಚಾರ ಹೇಳಿಕೊಂಡು ತಿರುಗಿದವರು. ಮದುವೆಯಾದದ್ದು ಅಮೆರಿಕದ ಓರಾ ರೇ ಬೇಕರ್ ಅವರನ್ನು. ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ. 1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡರು. ತಾಯಿ ಹಾಸಿಗೆ ಹಿಡಿದ ಹಾಗೆ ಕುಸಿದರು. ಹದಿಮೂರರ ನೂರ್ ಮೇಲೆ ಮೂವರು ತಮ್ಮ ತಂಗಿಯರ ಜವಾಬ್ದಾರಿ ಬಿತ್ತು. ಅಡುಗೆ, ಮನೆ, ಮಕ್ಕಳ ಓದು, ಎಲ್ಲ. ಅದರ ನಡುವೆಯೇ ಸಂಗೀತ ಕಲಿತಳು, ಪ್ಯಾರಿಸ್‌ನ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದಳು, ರೇಡಿಯೊಗೆ, ಪತ್ರಿಕೆಗೆ ಮಕ್ಕಳ ಕಥೆ ಬರೆದಳು. ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಆರಿಸಿ ಅವಳು ಇಂಗ್ಲಿಷಿನಲ್ಲಿ ಹೇಳಿದ ಪುಸ್ತಕ 1939ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಅದೇ ವರ್ಷ ಯುದ್ಧ ಶುರುವಾಯಿತು.

1940ರ ಜೂನ್‌ನಲ್ಲಿ ಜರ್ಮನ್ನರು ಪ್ಯಾರಿಸ್‌ಗೆ ನುಗ್ಗಿದರು. ಈ ಕುಟುಂಬ ಬೋರ್ಡೋ ಕಡೆ ಓಡಿತು, ಅಲ್ಲಿಂದ ಹಡಗು ಹತ್ತಿ ಇಂಗ್ಲೆಂಡ್ ಸೇರಿತು. ಅಕ್ಕ ತಮ್ಮ, ಅಂದರೆ ನೂರ್ ಮತ್ತು ವಿಲಾಯತ್, ಇಬ್ಬರಿಗೂ ಒಂದೇ ಸಂಕಟ. ಅಹಿಂಸೆ ಅಂತ ಮನೆಯಲ್ಲಿ ಕಲಿತದ್ದು. ಆದರೆ ನಾಜಿಗಳು ಮಾಡುತ್ತಿರುವುದನ್ನು ನೋಡಿಕೊಂಡು ಕೈಕಟ್ಟಿ ಕೂರುವುದು ಹೇಗೆ? ಯಾರನ್ನೂ ಕೊಲ್ಲದೆ, ಆದರೆ ಎಲ್ಲಿ ಅಪಾಯ ಜಾಸ್ತಿಯೋ ಅಂಥ ಕಡೆ ನಿಂತು ಕೆಲಸ ಮಾಡೋಣ ಅಂತ ತೀರ್ಮಾನಿಸಿದರು. ನವೆಂಬರ್‌ನಲ್ಲಿ ನೂರ್ ವಾಯುಪಡೆಯ ಮಹಿಳಾ ವಿಭಾಗ ಸೇರಿದಳು. ಅಲ್ಲಿ ಅವಳಿಗೆ ಕಲಿಸಿದ್ದು ಮೋರ್ಸ್, ಅಂದರೆ ಕೀ ಬಡಿದು ಚುಕ್ಕಿ ಗೆರೆಗಳಲ್ಲಿ ಅಕ್ಷರ ಕಳಿಸುವ ಸಂಕೇತ.

ಇಲ್ಲಿ ಒಂದು ಪ್ರಶ್ನೆ ನಮ್ಮವರು ಕೇಳಿಯೇ ಕೇಳುತ್ತಾರೆ. ಗಾಂಧೀಜಿ ಜೈಲಿನಲ್ಲಿದ್ದಾಗ, ಊರೂರಲ್ಲಿ ಹುಡುಗರು ಬ್ರಿಟಿಷರ ಗುಂಡಿಗೆ ಎದೆಯೊಡ್ಡುತ್ತಿದ್ದಾಗ, ಇವಳು ಬ್ರಿಟಿಷರ ಸಮವಸ್ತ್ರ ಹಾಕಿದ್ದು ಸರಿಯಾ? ಅವಳಿಗೂ ಈ ಪ್ರಶ್ನೆ ಗೊತ್ತಿತ್ತು. ಅಧಿಕಾರಿ ಹುದ್ದೆಗೆ ನಡೆದ ಸಂದರ್ಶನದಲ್ಲಿ ಭಾರತದ ವಿಷಯ ಬಂದಾಗ ಅವಳು ಮುಚ್ಚುಮರೆ ಮಾಡಲಿಲ್ಲ. ಈ ಯುದ್ಧ ಇರುವಷ್ಟು ದಿನ ನಿಮ್ಮ ಜೊತೆ, ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪರ ನಿಲ್ಲಬೇಕಾಗಬಹುದು ಎಂಬರ್ಥದಲ್ಲಿ ಹೇಳಿ ಎದ್ದು ಬಂದಳು. ಅದೇ 1943ರಲ್ಲಿ ಸುಭಾಷರು ಜರ್ಮನಿಯಲ್ಲಿ ಕಟ್ಟಿದ್ದ ಭಾರತೀಯ ದಳದ ಸೈನಿಕರು ಜರ್ಮನ್ ಸಮವಸ್ತ್ರದಲ್ಲಿ ಫ್ರಾನ್ಸಿನ ಅಟ್ಲಾಂಟಿಕ್ ತೀರ ಕಾಯುತ್ತಿದ್ದರು. ಒಂದೇ ದೇಶದಲ್ಲಿ, ಎದುರು ಬದುರು ಪಾಳೆಯದಲ್ಲಿ, ಭಾರತದ ಬಿಡುಗಡೆ ಬಯಸಿದ ಇಬ್ಬಗೆಯ ಜನ. ಇವರನ್ನು ತಕ್ಕಡಿಯಲ್ಲಿಟ್ಟು ತೂಗಲು ನಾನು ಹೋಗುವುದಿಲ್ಲ. ಸಂದರ್ಶನ ಮಾಡುವ ಬಿಳಿಯ ಅಧಿಕಾರಿಗಳ ಮುಖಕ್ಕೇ ಹೀಗೆ ಹೇಳಿದವಳನ್ನು ಬ್ರಿಟಿಷರ ಬಾಲ ಅನ್ನುವುದು ಮಾತ್ರ ಅನ್ಯಾಯ.

1940ರ ಜುಲೈನಲ್ಲಿ ಚರ್ಚಿಲ್ ಸರ್ಕಾರ ಒಂದು ಗುಪ್ತ ಸಂಸ್ಥೆ ಹುಟ್ಟುಹಾಕಿತ್ತು. ಹೆಸರು ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್, ಚಿಕ್ಕದಾಗಿ ಎಸ್‌ಓಇ. ಆಫೀಸು ಲಂಡನ್‌ನ ಬೇಕರ್ ಸ್ಟ್ರೀಟ್‌ನಲ್ಲಿ. ಶತ್ರು ಹಿಡಿದಿರುವ ದೇಶಗಳೊಳಗೆ ನುಸುಳಿ, ಅಲ್ಲಿನ ಜನರಿಗೆ ಶಸ್ತ್ರ ಕೊಟ್ಟು, ರೈಲು, ಸೇತುವೆ, ಕಾರ್ಖಾನೆ ಉಡಾಯಿಸುವುದು ಅದರ ಕೆಲಸ. ಫ್ರಾನ್ಸ್ ನೋಡಿಕೊಳ್ಳುತ್ತಿದ್ದ ಎಫ್ ವಿಭಾಗಕ್ಕೆ ಮಾರಿಸ್ ಬಕ್‌ಮಾಸ್ಟರ್ ಮುಖ್ಯಸ್ಥರು. ಅವರ ಬಲಗೈ ವೆರಾ ಆಟ್ಕಿನ್ಸ್. 1942ರಿಂದ ಹೆಂಗಸರನ್ನೂ ಕಳಿಸಲು ಶುರು ಮಾಡಿದರು. ಇದು ಉದಾರ ಮನಸ್ಸಿನಿಂದ ಆದದ್ದಲ್ಲ, ಅಗತ್ಯದಿಂದ. ಫ್ರಾನ್ಸಿನ ಹುಡುಗರನ್ನು ಜರ್ಮನಿಯ ಕಾರ್ಖಾನೆಗಳಿಗೆ ಕಡ್ಡಾಯವಾಗಿ ಎಳೆದೊಯ್ಯುವ ಕಾನೂನು 1943ರ ಫೆಬ್ರವರಿಯಲ್ಲಿ ಬಂತು. ಆಮೇಲಂತೂ ವಯಸ್ಸಿನ ಗಂಡಸು ಹಗಲು ಹೊತ್ತು ಬೀದಿಯಲ್ಲಿ ಕಂಡರೆ ಸಾಕು, ನಿಲ್ಲಿಸಿ ಕಾಗದ ಕೇಳುತ್ತಿದ್ದರು. ಹೆಂಗಸು ಸೈಕಲ್ ಮೇಲೆ ಚೀಲ ಹಾಕಿಕೊಂಡು ಹಳ್ಳಿ ಕಡೆ ಹೋದರೆ? ಮೊಟ್ಟೆಯೋ ಆಲೂಗಡ್ಡೆಯೋ ಹುಡುಕಿಕೊಂಡು ಹೊರಟಿದ್ದಾಳೆ ಅಂದುಕೊಳ್ಳುತ್ತಿದ್ದರು. ರೇಷನ್ ಕಾಲ ಅದು. ಎಲ್ಲ ಮನೆಯ ಹೆಂಗಸರೂ ಹಾಗೆ ಅಲೆಯುತ್ತಿದ್ದರು.

ಎಫ್ ವಿಭಾಗ ಕಳಿಸಿದ್ದು 39 ಹೆಂಗಸರನ್ನು. 13 ಮಂದಿ ವಾಪಸ್ ಬರಲಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು, ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದವರು, ಮಕ್ಕಳನ್ನು ಬಿಟ್ಟು ಬಂದ ತಾಯಂದಿರು. ಒಂದು ಕಾಲು ಮರದ್ದಾಗಿದ್ದರೂ ಚಳಿಗಾಲದಲ್ಲಿ ಪಿರನೀಸ್ ಬೆಟ್ಟ ದಾಟಿದ ಅಮೆರಿಕದ ವರ್ಜೀನಿಯಾ ಹಾಲ್. ತಂಡದ ನಾಯಕ ಸಿಕ್ಕಿಬಿದ್ದಾಗ ತಾನೇ ನಾಯಕತ್ವ ವಹಿಸಿ ಸಾವಿರಾರು ಜನರ ಪಡೆ ನಡೆಸಿದ ಪರ್ಲ್ ವಿದರಿಂಗ್ಟನ್. ಯುದ್ಧದ ನಂತರ ಪರ್ಲ್‌ಗೆ ಸೇನಾ ಪದಕ ಕೊಡಲು ನಿಯಮ ಅಡ್ಡ ಬಂತು, ಹೆಂಗಸು ಅಂತ. ಬದಲಿಗೆ ನಾಗರಿಕರಿಗೆ ಕೊಡುವ ಪದಕ ಕೊಟ್ಟರು. ತಾನು ಮಾಡಿದ್ದರಲ್ಲಿ ನಾಗರಿಕರ ಕೆಲಸ ಯಾವುದೂ ಇರಲಿಲ್ಲ ಎಂದು ಹೇಳಿ ಅವಳು ಅದನ್ನು ವಾಪಸ್ ಮಾಡಿದಳು. ಇವರ ಬಗ್ಗೆ ಒಬ್ಬೊಬ್ಬರಿಗೂ ಒಂದೊಂದು ಬರಹ ಬೇಕು.

ನೂರ್‌ಗೆ ಕರೆ ಬಂದದ್ದು ಫ್ರೆಂಚ್ ಮತ್ತು ಮೋರ್ಸ್ ಎರಡೂ ಗೊತ್ತಿದ್ದುದರಿಂದ. ತರಬೇತಿಯ ವರದಿಗಳು ಈಗ ಸಾರ್ವಜನಿಕ. ಓದಿದರೆ ಮೈ ಉರಿಯುತ್ತದೆ. ಒಬ್ಬ ಅಧಿಕಾರಿ ಅವಳಿಗೆ ಬುದ್ಧಿ ಅಷ್ಟೇನೂ ಇಲ್ಲ ಎಂದು ಬರೆದ. ಈ ಕೆಲಸಕ್ಕೆ ತಕ್ಕವಳೋ ಅಲ್ಲವೋ ಅನುಮಾನ ಎಂದೂ ಬರೆದ. ಬಕ್‌ಮಾಸ್ಟರ್ ಅದರ ಪಕ್ಕದಲ್ಲೇ ಅಸಂಬದ್ಧ ಎಂದು ಗೀಚಿದರು. ಬಂದೂಕು ಅಂದರೆ ಅವಳಿಗೆ ಹಿಂಜರಿಕೆ. ನಡುರಾತ್ರಿ ಎಬ್ಬಿಸಿ ಗೆಸ್ಟಾಪೊ, ಅಂದರೆ ನಾಜಿ ಗುಪ್ತ ಪೊಲೀಸರ ವೇಷದಲ್ಲಿ ನಡೆಸಿದ ಸುಳ್ಳು ವಿಚಾರಣೆಯಲ್ಲಿ ನಡುಗಿಹೋದಳು. ಸುಳ್ಳು ಹೇಳುವುದು ಅವಳಿಗೆ ಕಷ್ಟ. ಇದೆಲ್ಲ ನಿಜ. ಆದರೆ ರೇಡಿಯೊ ಮುಂದೆ ಕೂತರೆ ಅವಳು ಬೇರೆಯೇ. ಚಳಿಗೆ ಬಾತುಕೊಂಡ ಬೆರಳುಗಳಿಂದ ಕೀ ಮೇಲೆ ಜೋರಾಗಿ ಬಡಿಯುತ್ತಿದ್ದಳಂತೆ. ಅದಕ್ಕೇ ಜೊತೆಯವರು ಅಡ್ಡಹೆಸರು ಇಟ್ಟಿದ್ದರು. ಬಡಿತ ಜೋರು, ಆದರೆ ವೇಗ ಚೆನ್ನಾಗಿತ್ತು.

ಹೊರಡುವ ಮುಂಚೆ ಒಂದು ಘಟನೆ ನಡೆಯಿತು. ಜೊತೆಗೆ ತರಬೇತಿ ಪಡೆದ ಇಬ್ಬರು ಹೆಂಗಸರು, ಇವಳಿಂದ ಆಗಲಿಕ್ಕಿಲ್ಲ ಅಂತ ಆಫೀಸಿಗೆ ತಿಳಿಸಿದ್ದರು. ವೆರಾ ಅವಳನ್ನು ಊಟಕ್ಕೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿದರು. ಮನಸ್ಸಿಲ್ಲದಿದ್ದರೆ ಈಗಲೇ ಹೇಳು, ಯಾರಿಗೂ ಗೊತ್ತಾಗದ ಹಾಗೆ ಬೇರೆ ಕೆಲಸಕ್ಕೆ ಹಾಕಿಸುತ್ತೇನೆ ಅಂತ. ನೂರ್‌ಗೆ ಹೋಗಲು ಮನಸ್ಸಿತ್ತು. ಅವಳನ್ನು ಕಾಡುತ್ತಿದ್ದುದು ತಾಯಿಯ ವಿಷಯ. ಆಫ್ರಿಕಾಗೆ ಹೋಗುತ್ತಿದ್ದೇನೆ ಎಂದು ತಾಯಿಗೆ ಹೇಳಿದ್ದಳು. ಸುಳ್ಳು ಬಾರದವಳು ಹೇಳಿದ ಆ ಒಂದು ಸುಳ್ಳು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ತಾನು ಕಾಣೆಯಾದರೆ ಖಚಿತವಾಗಿ ಗೊತ್ತಾಗುವ ತನಕ ಅಮ್ಮನಿಗೆ ಕೆಟ್ಟ ಸುದ್ದಿ ತಿಳಿಸಬೇಡಿ ಎಂದು ಕೇಳಿಕೊಂಡಳು. ವೆರಾ ಒಪ್ಪಿದರು. ಜೂನ್ 16ರ ರಾತ್ರಿ ವಿಮಾನ ಹತ್ತುವ ಮೊದಲು ನೂರ್ ವೆರಾ ಅವರ ಕೋಟಿನ ಮೇಲಿದ್ದ ಬೆಳ್ಳಿಯ ಹಕ್ಕಿ ಪಿನ್ ಚೆನ್ನಾಗಿದೆ ಅಂದಳು. ವೆರಾ ಅದನ್ನು ಬಿಚ್ಚಿ ಅವಳ ಕೈಗಿಟ್ಟರು.

ಲೈಸ್ಯಾಂಡರ್ ಎಂಬ ಪುಟ್ಟ ವಿಮಾನಗಳು ಬೆಳದಿಂಗಳಲ್ಲಿ ಹಾರಿ ಹೊಲಗಳಲ್ಲಿ ಇಳಿಯುತ್ತಿದ್ದವು. ಆಂಜೆ ಊರಿನ ಹತ್ತಿರ ಇಳಿದ ಮೇಲೆ ಅವಳ ಗುಪ್ತ ಹೆಸರು ಮಾದ್ಲೆನ್. ಕಾಗದಪತ್ರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾನ್ ಮರಿ ರೆನಿಯೆ. ಶತ್ರು ಹಿಡಿದ ಫ್ರಾನ್ಸಿಗೆ ಈ ಸಂಸ್ಥೆ ಕಳಿಸಿದ ಮೊದಲ ಮಹಿಳಾ ರೇಡಿಯೊ ಆಪರೇಟರ್ ಅವಳೇ. ವರ್ಸಾಯ್ ಪಕ್ಕದ ಗ್ರಿನ್ಯೋಂ ಕೃಷಿ ಕಾಲೇಜಿನ ಪ್ರೊಫೆಸರ್ ಒಬ್ಬರ ಮನೆ, ಅವಳು ಸೇರಿಕೊಂಡ ಗುಪ್ತ ತಂಡದವರ ಒಂದು ಅಡ್ಡೆ. ಅಲ್ಲಿ ಚಹಾ ಕೊಟ್ಟಾಗ ನೂರ್ ಬಟ್ಟಲಿಗೆ ಮೊದಲು ಹಾಲು ಹಾಕಿದಳು. ಅದು ಇಂಗ್ಲಿಷರ ಅಭ್ಯಾಸ, ಫ್ರಾನ್ಸ್‌ನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಮನೆಯೊಡತಿ ತಕ್ಷಣ ಎಚ್ಚರಿಸಿದರು. ಹೋಟೆಲಲ್ಲಿ ಯಾರಾದರೂ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ವಾರದಲ್ಲಿ ತಂಡವೇ ಕುಸಿಯಿತು. ಪ್ರಾಸ್ಪರ್ ಎಂಬ ಹೆಸರಿನ ಆ ಜಾಲ ಉತ್ತರ ಫ್ರಾನ್ಸಿನಲ್ಲೇ ದೊಡ್ಡದು. ಜೂನ್ 23, 24ರಂದು ನಾಯಕ ಫ್ರಾನ್ಸಿಸ್ ಸಟಿಲ್, ರೇಡಿಯೊ ನೋಡಿಕೊಳ್ಳುತ್ತಿದ್ದ ಗಿಲ್ಬರ್ಟ್ ನಾರ್ಮನ್, ಆಂದ್ರೆ ಬೊರೆಲ್ ಮೂವರೂ ಸಿಕ್ಕಿಬಿದ್ದರು. ಅವರ ಹಿಂದೆ ನೂರಾರು ಜನ. ಗ್ರಿನ್ಯೋಂ ಮೇಲೂ ದಾಳಿಯಾಯಿತು. ಲಂಡನ್ ನೂರ್‌ಗೆ ವಾಪಸ್ ಬಾ ಅಂತು. ಅವಳು ಒಪ್ಪಲಿಲ್ಲ. ತಾನು ಹೊರಟರೆ ಪ್ಯಾರಿಸ್‌ನಿಂದ ಸುದ್ದಿ ಕಳಿಸಲು ಯಾರೂ ಇರುವುದಿಲ್ಲ, ಬದಲಿ ಬರುವ ತನಕ ಇರುತ್ತೇನೆ ಅಂದಳು.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ರೇಡಿಯೊ ಸೆಟ್ ಒಂದು ಸಾಮಾನ್ಯ ಸೂಟ್‌ಕೇಸಿನಲ್ಲಿ ಕೂರುತ್ತಿತ್ತು. ತೂಕ ಸುಮಾರು 15 ಕಿಲೊ. ಹಗುರವಾದ ಬಟ್ಟೆಯ ಪೆಟ್ಟಿಗೆ ಹಿಡಿದವಳ ಹಾಗೆ ಅದನ್ನು ಹೊತ್ತು ಮೆಟ್ರೊ ಹತ್ತಬೇಕು, ಮುಖದಲ್ಲಿ ಭಾರ ಕಾಣಬಾರದು. ಒಂದು ಮನೆ ಗೊತ್ತುಮಾಡಿ ಹತ್ತಾರು ಮೀಟರ್ ಉದ್ದದ ಏರಿಯಲ್ ತಂತಿ ಎಳೆಯಬೇಕು, ಅದು ಬೀದಿಗೆ ಕಾಣಬಾರದು. ಅದಕ್ಕೂ ಮೊದಲು ಸಂದೇಶವನ್ನು ಸಂಕೇತಕ್ಕೆ ಇಳಿಸಬೇಕು. ಕಾಗದ, ಪೆನ್ಸಿಲ್, ಐದೈದು ಅಕ್ಷರದ ಗುಂಪುಗಳು. ಒಂದಕ್ಷರ ತಪ್ಪಿದರೂ ಲಂಡನ್‌ನಲ್ಲಿ ಪೂರ್ತಿ ಸಂದೇಶ ಕಲಸುಮೇಲೋಗರ. ಆಮೇಲೆ ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಕೂತು ಬಡಿಯಬೇಕು. ಆಚೆ ಕಡೆ ಇಂಗ್ಲೆಂಡಿನಲ್ಲಿ ಒಬ್ಬ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಿರುತ್ತಿದ್ದಳು. ಪ್ರತಿಯೊಬ್ಬರ ಬಡಿತಕ್ಕೂ ಒಂದು ಧಾಟಿ ಇರುತ್ತದೆ. ಮೃದಂಗದ ಎರಡು ಪೆಟ್ಟು ಕೇಳಿದ ಕೂಡಲೇ ನುಡಿಸುತ್ತಿರುವವರು ಯಾರು ಎಂದು ರಸಿಕರು ಹೇಳಿಬಿಡುವ ಹಾಗೆ, ಆ ಹುಡುಗಿಯರು ಬಡಿತ ಕೇಳಿ ಆಪರೇಟರ್ ಯಾರೆಂದು ಗುರುತಿಸುತ್ತಿದ್ದರು.

ಜರ್ಮನ್ನರೂ ಕೇಳುತ್ತಿದ್ದರು. ದೂರದ ಕೇಂದ್ರಗಳು ಮೊದಲು ಊರಿನ ಯಾವ ಭಾಗ ಎಂದು ಗುರುತಿಸುತ್ತಿದ್ದವು. ನಂತರ ಯಂತ್ರ ಅಡಗಿಸಿಟ್ಟ ವ್ಯಾನುಗಳು ಬೀದಿ ಬೀದಿ ಸುತ್ತುತ್ತಿದ್ದವು. ಕೊನೆಗೆ ಕೋಟಿನೊಳಗೆ ಚಿಕ್ಕ ಉಪಕರಣ ಇಟ್ಟುಕೊಂಡ ಒಬ್ಬ ನಡೆದು ಬರುತ್ತಿದ್ದ. ಕೆಲವು ಸಲ ಒಂದೊಂದೇ ಬೀದಿಯ ಕರೆಂಟ್ ತೆಗೆದು, ಯಾವಾಗ ಬಡಿತ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಇಪ್ಪತ್ತು ನಿಮಿಷ ಮೀರಿದರೆ ಅಪಾಯ. ಹಾಗಾಗಿ ಕಳಿಸು, ಮಡಚು, ಹೊರಡು. ಮತ್ತೆ ಬೇರೆ ಮನೆ. ನೂರ್ ಕೂದಲ ಬಣ್ಣ ಬದಲಿಸಿದಳು. ತಾನು ಬೆಳೆದ ಸುರೇನ್‌ಗೇ ಹೋಗಿ ಹಳೆಯ ಪರಿಚಯದವರ ಬಾಗಿಲು ತಟ್ಟಿದಳು. ಅದು ಅಪಾಯವೇ, ಗುರುತು ಸಿಗುವ ಊರು. ಆದರೆ ನಂಬಿಕಸ್ಥರು ಇದ್ದದ್ದೂ ಅಲ್ಲೇ. ಒಮ್ಮೆ ಮೆಟ್ರೊದಲ್ಲಿ ಇಬ್ಬರು ಜರ್ಮನ್ ಸೈನಿಕರು ಸೂಟ್‌ಕೇಸಿನಲ್ಲಿ ಏನಿದೆ ಅಂತ ಕೇಳಿದರಂತೆ. ಸಿನಿಮಾ ಯಂತ್ರ, ನೋಡಿ ಬಲ್ಬುಗಳು ಕಾಣುತ್ತವಲ್ಲ, ಅಂತ ಮುಚ್ಚಳ ಸ್ವಲ್ಪ ಎತ್ತಿ ತೋರಿಸಿದಳಂತೆ. ಅವರು ಹೋದರು.

ಈ ಬಡಿತದಿಂದ ಆದದ್ದೇನು? ಶಸ್ತ್ರ ಮತ್ತು ಹಣ ಎಲ್ಲಿ ಇಳಿಸಬೇಕು ಎಂಬ ಸುದ್ದಿ ಹೋಯಿತು. ಉರುಳಿದ ವಿಮಾನಗಳ ಪೈಲಟ್‌ಗಳು ತಪ್ಪಿಸಿಕೊಳ್ಳಲು ದಾರಿಯಾಯಿತು. ಯಾರು ಸಿಕ್ಕಿಬಿದ್ದರು, ಯಾರು ಉಳಿದಿದ್ದಾರೆ ಎಂಬುದು ಲಂಡನ್‌ಗೆ ಗೊತ್ತಾಯಿತು. ಸಿನಿಮಾದಲ್ಲಿ ತೋರಿಸುವಂಥ ದೃಶ್ಯ ಒಂದೂ ಇಲ್ಲ. ಒಂಟಿಯಾಗಿ ಒಂದು ಕೋಣೆಯಲ್ಲಿ ಕೂತು, ಕಿವಿ ಮೆಟ್ಟಿಲ ಸದ್ದಿನ ಮೇಲಿಟ್ಟು, ಬೆರಳನ್ನು ಕೀ ಮೇಲಿಟ್ಟು, ತಪ್ಪಿಲ್ಲದೆ ಬಡಿಯುವುದು. ತಿಂಗಳುಗಟ್ಟಲೆ. ಬುದ್ಧಿ ಅಷ್ಟೇನೂ ಇಲ್ಲದವರು ಮಾಡುವ ಕೆಲಸವಾ ಇದು?

ಅವಳ ಒಂದು ತಪ್ಪನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಳಿಸಿದ, ಬಂದ ಸಂದೇಶಗಳನ್ನೆಲ್ಲ ಅವಳು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದಳು. ಸುಟ್ಟುಹಾಕಬೇಕಿತ್ತು. ಅವಳಿಗೆ ಕೊಟ್ಟ ಲಿಖಿತ ಸೂಚನೆಯ ಮಾತುಗಳೇ ಅಸ್ಪಷ್ಟವಾಗಿದ್ದವು, ಅವಳು ಅದನ್ನು ಇಟ್ಟುಕೊಳ್ಳಬೇಕು ಎಂದು ಓದಿಕೊಂಡಳು. ತರಬೇತಿ ಪೂರ್ತಿ ಮುಗಿಯುವ ಮೊದಲೇ ಆತುರದಲ್ಲಿ ಕಳಿಸಿದ್ದರ ಫಲ ಇದು. ಅಕ್ಟೋಬರ್‌ನಲ್ಲಿ ಅವಳನ್ನು ವಾಪಸ್ ಕರೆಸುವ ಏರ್ಪಾಡು ನಡೆದಿತ್ತು. ಅಷ್ಟರಲ್ಲಿ ಹಣಕ್ಕಾಗಿ ಯಾರೋ ಅವಳ ವಿಳಾಸ ಮಾರಿದರು. ಯುದ್ಧದ ನಂತರ ಆ ಆರೋಪ ಹೊತ್ತ ಹೆಂಗಸು ಕೋರ್ಟಿನಲ್ಲಿ ಖುಲಾಸೆಯಾದಳು. ಹಿಡಿಯಲು ಬಂದವನ ಮಣಿಕಟ್ಟನ್ನು ನೂರ್ ರಕ್ತ ಬರುವ ಹಾಗೆ ಕಚ್ಚಿದಳು. ಅವನು ಪಿಸ್ತೂಲು ಹಿಡಿದು ದೂರ ನಿಂತು ಫೋನ್ ಮಾಡಿ ಇನ್ನಷ್ಟು ಜನರನ್ನು ಕರೆಸಬೇಕಾಯಿತು.

84, ಅವೆನ್ಯೂ ಫೋಶ್. ಪ್ಯಾರಿಸ್‌ನ ಶ್ರೀಮಂತರ ಬೀದಿಯಲ್ಲಿ ಜರ್ಮನ್ ಭದ್ರತಾ ವಿಭಾಗದ ಮನೆ. ಒಳಗೆ ಹೋದ ಸ್ವಲ್ಪ ಹೊತ್ತಿನಲ್ಲೇ ಸ್ನಾನ ಮಾಡಬೇಕು ಅಂತ ಹೇಳಿ, ಬಚ್ಚಲ ಕಿಟಕಿಯಿಂದ ಮಾಡಿನ ಮೇಲೆ ನಡೆದುಬಿಟ್ಟಳು. ಹಿಡಿದರು. ನವೆಂಬರ್‌ನಲ್ಲಿ ಇನ್ನಿಬ್ಬರು ಕೈದಿಗಳ ಜೊತೆ ಸೇರಿ ಚಾವಣಿಯ ಕಿಟಕಿಯ ಸರಳು ಸಡಿಲಿಸಿ ಮತ್ತೆ ಹೊರಬಂದಳು. ಅದೇ ಹೊತ್ತಿಗೆ ವಿಮಾನ ದಾಳಿಯ ಸೈರನ್ ಕೂಗಿತು. ಸೈರನ್ ಆದಾಗ ಕೋಣೆ ಕೋಣೆ ನೋಡುವುದು ಅಲ್ಲಿಯ ಪದ್ಧತಿ. ಮತ್ತೆ ಹಿಡಿದರು. ಇನ್ನು ತಪ್ಪಿಸಿಕೊಳ್ಳುವುದಿಲ್ಲ ಎಂದು ಬರೆದುಕೊಡು ಅಂದರು. ಅವಳು ಬರೆದುಕೊಡಲಿಲ್ಲ. ಆ ಮನೆಯ ಮುಖ್ಯಸ್ಥ ಕೀಫರ್ ಯುದ್ಧದ ನಂತರ ವೆರಾ ಅವರ ಎದುರು ಹೇಳಿದ್ದು ಇಷ್ಟು: ಅವಳಿಂದ ತಮಗೆ ಏನೂ ಸಿಗಲಿಲ್ಲ, ಅವಳ ಮಾತನ್ನು ನಂಬುವಂತೆಯೇ ಇರಲಿಲ್ಲ. ಸುಳ್ಳು ಬಾರದು ಅನ್ನಿಸಿಕೊಂಡವಳ ಬಗ್ಗೆ ಶತ್ರು ಹೇಳಿದ ಮಾತು.

ಆದರೆ ನೋಟ್‌ಬುಕ್ ಅವರ ಕೈಯಲ್ಲಿತ್ತು. ಸೆಟ್ ಕೂಡ. ಅವಳ ಹೆಸರಿನಲ್ಲಿ ಜರ್ಮನ್ನರೇ ಲಂಡನ್ ಜೊತೆ ಮಾತಾಡತೊಡಗಿದರು. ಇದು ಅವರಿಗೆ ಹೊಸದಲ್ಲ. ಗಿಲ್ಬರ್ಟ್ ನಾರ್ಮನ್ ಸಿಕ್ಕಿಬಿದ್ದಾಗ ಅವನ ಹೆಸರಿನಲ್ಲಿ ಹೋದ ಸಂದೇಶದಲ್ಲಿ, ನಾನು ಕ್ಷೇಮ ಎಂದು ಸಾರುವ ಗುಪ್ತ ಗುರುತು ಇರಲಿಲ್ಲ. ಅದು ಇಲ್ಲ ಅಂದರೇ ಸಿಕ್ಕಿಬಿದ್ದಿದ್ದಾನೆ ಎಂದರ್ಥ. ಅದಕ್ಕಾಗಿಯೇ ಆ ಗುರುತು ಇರುವುದು. ಲಂಡನ್ ಏನು ಉತ್ತರ ಕೊಟ್ಟಿತು ಗೊತ್ತಾ? ನಿನ್ನ ಎರಡನೇ ಗುರುತು ಹಾಕುವುದನ್ನು ಮರೆತಿದ್ದೀಯ, ಮುಂದೆ ಹುಷಾರಾಗಿರು ಎಂದು. ಕೈದಿಯಾಗಿದ್ದ ಆ ಮನುಷ್ಯನ ಕಣ್ಣೆದುರೇ ಜರ್ಮನ್ನರು ಅದನ್ನು ಓದಿದರು. ನೂರ್ ವಿಷಯದಲ್ಲೂ ಹಾಗೆಯೇ ಆಯಿತು. ಅವಳಿಗೆ ಏನೋ ಆಗಿದೆ ಎಂಬ ಎಚ್ಚರಿಕೆಯನ್ನು ಸೋನಿಯಾ ಓಲ್ಶಾನೆಜ್ಕಿ ಎಂಬ ಪ್ಯಾರಿಸ್‌ನ ಹುಡುಗಿ ಕಳಿಸಿದ್ದಳು. ಪ್ರಾಣ ಒತ್ತೆಯಿಟ್ಟು ಅದೇ ಜಾಲಕ್ಕೆ ದುಡಿಯುತ್ತಿದ್ದವಳು. ಅವಳು ಯಾರು ಅಂತ ಲಂಡನ್‌ಗೆ ಗೊತ್ತಿರಲಿಲ್ಲ. ಎಚ್ಚರಿಕೆಗೆ ಕಿವಿಗೊಡಲಿಲ್ಲ.

1944ರ ಫೆಬ್ರವರಿ ಕೊನೆಯಲ್ಲಿ, ನೂರ್ ಹೆಸರಿನ ಸೆಟ್ ಗೊತ್ತುಮಾಡಿದ ಜಾಗಕ್ಕೆ ಲಂಡನ್ ಮೂವರನ್ನು ಪ್ಯಾರಾಶೂಟ್‌ನಲ್ಲಿ ಇಳಿಸಿತು. ಶಾರ್ತ್ರ್ ಊರಿನ ಹತ್ತಿರದ ಹೊಲ. ಕೆಳಗೆ ದೀಪ ಹಿಡಿದು ಕಾಯುತ್ತಿದ್ದವರು ಜರ್ಮನ್ನರು. ಮೂವರಲ್ಲಿ ಒಬ್ಬಳು ಇಪ್ಪತ್ತಾರರ ಮಾದ್ಲೆನ್ ದಾಮರ್ಮಾಂ. ನೂರ್ ಗುಪ್ತ ಹೆಸರಾಗಿ ಇಟ್ಟುಕೊಂಡದ್ದು ಇವಳಿಗೆ ಸ್ವಂತ ಹೆಸರು. ಮೊದಲು ಲಿಲ್ ಕಡೆ ಇದ್ದುಕೊಂಡು ಉರುಳಿದ ವಿಮಾನಗಳ ಪೈಲಟ್‌ಗಳನ್ನು ಗಡಿ ದಾಟಿಸುತ್ತಿದ್ದವಳು. ಸ್ಪೇನ್ ಮೂಲಕ ತಪ್ಪಿಸಿಕೊಂಡು ಲಂಡನ್ ಸೇರಿ, ಮತ್ತೆ ತನ್ನ ದೇಶಕ್ಕೆ ಇಳಿದಳು. ಇಳಿದ ಕ್ಷಣವೇ ಸೆರೆ. ಇದಕ್ಕೆ ನೂರ್ ನೋಟ್‌ಬುಕ್ ಕಾರಣ ಅಂತ ಬಹಳ ಜನ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ನೋಟ್‌ಬುಕ್ ಒಂದು ತಪ್ಪು. ಆ ತಪ್ಪನ್ನು ಹಿಡಿಯಲೆಂದೇ ಲಂಡನ್‌ನಲ್ಲಿ ಒಂದು ವ್ಯವಸ್ಥೆ ಇತ್ತು. ಗುರುತುಗಳಿದ್ದವು, ಎಚ್ಚರಿಕೆ ಬಂದಿತ್ತು, ಬೆಚ್ಚಗಿನ ಆಫೀಸಿನಲ್ಲಿ ಕೂತು ಯೋಚಿಸಲು ಸಮಯವಿತ್ತು. ಇಪ್ಪತ್ತು ನಿಮಿಷದ ಗಡುವಿನಲ್ಲಿ ಕೆಲಸ ಮಾಡಿದವಳಿಗೆ ಪೆದ್ದಿ ಅಂತ ಹೆಸರು ಬಂತು. ತಿಂಗಳುಗಟ್ಟಲೆ ಮೋಸಹೋದವರಿಗೆ ಪದಕ ಬಂತು. ಇದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

1943ರ ನವೆಂಬರ್ 27ರಂದೇ ನೂರ್‌ಳನ್ನು ಜರ್ಮನಿಗೆ ಸಾಗಿಸಿದರು. ಫೋರ್ಟ್ಸ್‌ಹೈಮ್ ಜೈಲು. ಕೈಗೆ ಕಾಲಿಗೆ ಸರಪಳಿ, ಒಂಟಿ ಕೋಣೆ. ತನ್ನಷ್ಟಕ್ಕೆ ತಾನು ಊಟ ಮಾಡಲಾಗದ, ಬಟ್ಟೆ ಬದಲಿಸಲಾಗದ ಸ್ಥಿತಿ. ಯಾರೊಡನೆಯೂ ಮಾತಿಲ್ಲ. ಹತ್ತು ತಿಂಗಳು. ಪಕ್ಕದ ಕೋಣೆಗಳಲ್ಲಿ ಫ್ರೆಂಚ್ ಹೆಂಗಸರಿದ್ದರು. ಊಟದ ಬಟ್ಟಲುಗಳು ಎಲ್ಲರಿಗೂ ಅವೇ, ತೊಳೆದು ಮತ್ತೆ ಹಂಚುತ್ತಿದ್ದರು. ಅವರು ಬಟ್ಟಲಿನ ತಳದಲ್ಲಿ ಮಾತು ಗೀಚಿ ಕಳಿಸತೊಡಗಿದರು. ನೂರ್ ಉತ್ತರ ಗೀಚಿದಳು. ತನ್ನ ಹೆಸರು ನೋರಾ ಬೇಕರ್ ಎಂದು ಬರೆದಳು, ತಾಯಿಯ ಕಡೆಯ ಹೆಸರು. ಸರಪಳಿಯ ಕೈಯಿಂದ ತಗಡಿನ ಮೇಲೆ ಒಂದೊಂದೇ ಅಕ್ಷರ. ಅಲ್ಲಿಯೂ ಅವಳು ಸಂದೇಶ ಕಳಿಸುವುದನ್ನು ನಿಲ್ಲಿಸಲಿಲ್ಲ.

ಯುದ್ಧ ಮುಗಿದ ಮೇಲೆ ವೆರಾ ಆಟ್ಕಿನ್ಸ್ ಜರ್ಮನಿಗೆ ಹೋಗಿ ತಾವು ಕಳಿಸಿದವರನ್ನು ಒಬ್ಬೊಬ್ಬರಾಗಿ ಹುಡುಕಿದರು. ಮೊದಲಿಗೆ ನೂರ್ 1944ರ ಜುಲೈ 6ರಂದು ನಾಟ್ಸ್‌ವೈಲರ್ ಎಂಬ ನಾಜಿ ಸೆರೆ ಶಿಬಿರದಲ್ಲಿ ಸತ್ತಳು ಎಂದು ಬರೆದುಕೊಂಡರು. ಅಲ್ಲಿ ಸತ್ತ ನಾಲ್ವರಲ್ಲಿ ಗುರುತು ಸಿಗದ ಒಬ್ಬಳ ಚಹರೆ ನೂರ್‌ಗೆ ಹೊಂದುತ್ತಿತ್ತು. ಬಟ್ಟಲಿನ ಮೇಲೆ ಗೀಚಿದ ಹೆಸರನ್ನು ನೆನಪಿಟ್ಟುಕೊಂಡ ಕೈದಿ ಬದುಕಿ ಉಳಿದು ವಿಷಯ ತಿಳಿಸಿದ್ದರಿಂದ ಸತ್ಯ ಹೊರಬಂತು. ನೋರಾ ಬೇಕರ್ ಸೆಪ್ಟೆಂಬರ್‌ವರೆಗೂ ಫೋರ್ಟ್ಸ್‌ಹೈಮ್‌ನಲ್ಲಿದ್ದಳು. ಹಾಗಾದರೆ ನಾಟ್ಸ್‌ವೈಲರ್‌ನಲ್ಲಿ ಸತ್ತವಳು ಯಾರು? ಸೋನಿಯಾ ಓಲ್ಶಾನೆಜ್ಕಿ. ನೂರ್ ಬಗ್ಗೆ ಎಚ್ಚರಿಸಿದವಳು, ಲಂಡನ್ ಯಾರೆಂದು ಕೇಳದೇ ಹೋದವಳು.

ಲಂಡನ್‌ಗೆ ಹೋದ ಕನ್ನಡಿಗರು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೋಡಿ ಬರುತ್ತಾರೆ. ಹಾಗೇ ಬ್ಲೂಮ್ಸ್‌ಬರಿಯ ಗೋರ್ಡನ್ ಸ್ಕ್ವೇರ್‌ಗೂ ಹೋಗಿ. ಯೂನಿವರ್ಸಿಟಿ ಹುಡುಗರು ಹುಲ್ಲಿನ ಮೇಲೆ ಕೂತು ತಿಂಡಿ ತಿನ್ನುವ ಪಾರ್ಕು ಅದು. ಅಲ್ಲಿ ನೂರ್ ಪ್ರತಿಮೆ ಇದೆ, 2012ರಲ್ಲಿ ಇಟ್ಟದ್ದು. 1949ರಲ್ಲಿ ಅವಳಿಗೆ ಜಾರ್ಜ್ ಕ್ರಾಸ್ ಎಂಬ ಬ್ರಿಟನ್ನಿನ ದೊಡ್ಡ ಶೌರ್ಯ ಪದಕ ಕೊಟ್ಟರು. ಎಫ್ ವಿಭಾಗದ ಮೂವರು ಹೆಂಗಸರಿಗೆ ಮಾತ್ರ ಅದು ಸಿಕ್ಕಿದೆ. ನನಗೆ ಇದೆಲ್ಲ ಸಂತೋಷವೇ. ಆದರೆ ಅಲ್ಲಿ ನಿಂತಾಗ ನನಗೆ ಅವಳ ಜೊತೆ ಸತ್ತ ಮೂವರು ನೆನಪಾದರು.

ಏಕೆಂದರೆ ನೂರ್ ಒಬ್ಬಳೇ ಸಾಯಲಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ಅವಳನ್ನು ಕಾರ್ಲ್ಸ್‌ರೂಹೆಗೆ ತಂದು, ಇನ್ನೂ ಮೂವರ ಜೊತೆ ರೈಲು ಹತ್ತಿಸಿದರು. ಕಾವಲಿಗಿದ್ದವನು ಆಮೇಲೆ ಹೇಳಿಕೆ ಕೊಟ್ಟಿದ್ದಾನೆ. ಅವರನ್ನು ಕಿಟಕಿ ಪಕ್ಕ ಕೂರಲು ಬಿಟ್ಟಿದ್ದರು. ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಹತ್ತು ತಿಂಗಳ ಒಂಟಿ ಸೆರೆಯ ನಂತರ ನೂರ್‌ಗೆ ಸಿಕ್ಕ ಮೊದಲ ಮಾತುಕತೆ ಅದು, ಒಂದು ಹಗಲಿನ ಪ್ರಯಾಣದಷ್ಟು. ನಡುರಾತ್ರಿಯ ಹೊತ್ತಿಗೆ ದಾಖಾವ್ ಶಿಬಿರ. ಸೆಪ್ಟೆಂಬರ್ 13ರ ಬೆಳಗ್ಗೆ ನಾಲ್ವರನ್ನೂ ಗುಂಡಿಟ್ಟು ಕೊಂದರು.

ಒಬ್ಬಳು ಮಾದ್ಲೆನ್ ದಾಮರ್ಮಾಂ, ನೂರ್ ಸೆಟ್‌ನ ಸುಳ್ಳು ಸಂದೇಶ ನಂಬಿ ಇಳಿಸಲ್ಪಟ್ಟವಳು. ಒಬ್ಬಳು ಯೋಲಾಂದ್ ಬೀಕ್‌ಮನ್, ನೂರ್ ಜೊತೆಯಲ್ಲೇ ರೇಡಿಯೊ ಕಲಿತವಳು, ಸೇಂಟ್ ಕ್ವೆಂಟಿನ್ ಊರಿನಿಂದ ಸಂದೇಶ ಕಳಿಸುತ್ತಿದ್ದು 1944ರ ಜನವರಿಯಲ್ಲಿ ಸಿಕ್ಕಿಬಿದ್ದವಳು. ಇನ್ನೊಬ್ಬಳು ಎಲಿಯಾನ್ ಪ್ಲೂಮನ್, ಮಾರ್ಸೇಲ್ ಸುತ್ತ ರೈಲು ಉರುಳಿಸುತ್ತಿದ್ದ ತಂಡಕ್ಕೆ ಸ್ಫೋಟಕ ಮತ್ತು ಸುದ್ದಿ ಸಾಗಿಸುತ್ತಿದ್ದವಳು. ದಾಖಾವ್‌ನಲ್ಲಿರುವ ಫಲಕದ ಮೇಲೆ ನಾಲ್ಕೂ ಹೆಸರುಗಳಿವೆ. ನೂರ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಇನ್ನು ಮುಂದೆ ಈ ಮೂವರನ್ನೂ, ಅವರೊಬ್ಬೊಬ್ಬರೂ ಮಾಡಿದ ಕೆಲಸವನ್ನೂ ಸೇರಿಸಿ ಬರೆಯಲಿ.